ಹಳೆಯ ಬರೋಲೊಗೆ ಬೇಕಾದ ನಿಶ್ಚಲತೆ

ಮಾನ್ಯರೇ,

ಬರೋಲೊ ಇಟಲಿಯ ಒಂದು ಕೆಂಪು ವೈನ್. ಇಪ್ಪತ್ತು ವರ್ಷ ದಾಟಿದ ಬರೋಲೊವನ್ನು ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಸುರಿದು ಗಂಟೆಗಟ್ಟಲೆ ಗಾಳಿಗೆ ಬಿಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಎಳೆಯ ಬರೋಲೊಗೆ ಗಾಳಿ ಬೇಕು, ಹಳೆಯದಕ್ಕೆ ನಿಶ್ಚಲತೆ ಬೇಕು. ಇಂದು ನಾನು ಮುಖ್ಯವಾಗಿ ಹೇಳಬಂದಿರುವುದು ಇದನ್ನೇ.

ಇಟಲಿಯ ಪೀಡ್ಮಾಂಟ್ ಪ್ರಾಂತ್ಯದ ಲಾಂಗೆ ಗುಡ್ಡಗಳ ನೆಬ್ಬಿಯೊಲೊ ದ್ರಾಕ್ಷಿಯಿಂದ ಬರೋಲೊ ತಯಾರಾಗುತ್ತದೆ. ಈ ದ್ರಾಕ್ಷಿಯಲ್ಲಿ ಬಣ್ಣ ತೆಳು, ಹುಳಿ ಹೆಚ್ಚು, ಒಗರಂತೂ ಹಸಿ ಅಡಿಕೆ ಜಗಿದಂತೆ ನಾಲಿಗೆಯನ್ನು ಹಿಡಿಯುತ್ತದೆ. ಅಲ್ಲಿನ ನಿಯಮದಂತೆ ಬರೋಲೊ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿರಬೇಕು. ಹೆಚ್ಚು ಕಾಲ ಮಾಗಿಸಿದ ‘ರಿಸರ್ವ’ ಎನಿಸಿಕೊಳ್ಳಲು 62 ತಿಂಗಳು ಬೇಕು. ಮುಂದೆ ಬಾಟಲಿಯಲ್ಲಿ ವರ್ಷಗಳು ಕಳೆದಂತೆ ಒಗರಿನ ಅಣುಗಳು ಪರಸ್ಪರ ಕೂಡಿ, ಬಣ್ಣದ ಅಣುಗಳನ್ನೂ ಸೇರಿಸಿಕೊಂಡು, ಗಷ್ಟಾಗಿ ತಳಕ್ಕಿಳಿಯುತ್ತವೆ. ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಕಾಣುತ್ತದೆ; ಒಣಗಿದ ಗುಲಾಬಿ, ಚರ್ಮ, ಡಾಂಬರಿನ ಪರಿಮಳಗಳು ಏಳುತ್ತವೆ.

ಈ ಕಾಯುವಿಕೆಯ ಬಗ್ಗೆ ಅಲ್ಲಿಯವರೇ ಜಗಳವಾಡಿದ್ದಾರೆ. ಲಾ ಮೊರ್ರಾ ಗ್ರಾಮದ ಎಲಿಯೊ ಅಲ್ತಾರೆ ಎಂಬ ಯುವಕ ಫ್ರಾನ್ಸಿನ ವೈನ್ ನಾಡಾದ ಬರ್ಗಂಡಿಗೆ ಹೋಗಿ ಬಂದು, 1983ರಲ್ಲಿ ತಂದೆಯ ಹಳೆಯ ದೊಡ್ಡ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕತ್ತರಿಸಿ, ಚಿಕ್ಕ ಫ್ರೆಂಚ್ ಓಕ್ ಪೀಪಾಯಿಗಳಿಗೆ ಜಾಗ ಮಾಡಿದ. ಬೇಗ ಮೃದುವಾಗುವ ವೈನ್ ಅವನಿಗೆ ಬೇಕಾಗಿತ್ತು. ತಂದೆ ಮಗನಿಗೆ ಆಸ್ತಿಯ ಹಕ್ಕನ್ನೇ ತಪ್ಪಿಸಿದರು. ಇತ್ತ ಬರೋಲೊ ಗ್ರಾಮದ ವೈನ್ ತಯಾರಕ ಬಾರ್ತೊಲೊ ಮಸ್ಕರೆಲ್ಲೊ ದೊಡ್ಡ ಪೀಪಾಯಿಯನ್ನು ಕೊನೆಯವರೆಗೂ ಬಿಡಲಿಲ್ಲ. ಚಿಕ್ಕ ಪೀಪಾಯಿಯೂ ಬೇಡ, ಇಟಲಿಯ ರಾಜಕಾರಣಿ ಬೆರ್ಲುಸ್ಕೋನಿಯೂ ಬೇಡ ಎಂದು ಬಾಟಲಿಯ ಚೀಟಿಯ ಮೇಲೆಯೇ ಬರೆದರು. ನನ್ನ ಮನಸ್ಸು ಮಸ್ಕರೆಲ್ಲೊ ಕಡೆಗಿದೆ. ಆದರೆ ಆ ತಂದೆಮಗನ ಕಥೆ ನೆನಪಾದಾಗಲೆಲ್ಲ ಇಬ್ಬರಿಗಾಗಿಯೂ ಮರುಗುತ್ತೇನೆ.

ಇನ್ನು ಕುಡಿಯುವ ಕ್ರಮ. ಮಲಗಿಸಿಟ್ಟಿದ್ದ ಬಾಟಲಿಯನ್ನು ಎರಡು ದಿನ ಮೊದಲೇ ನೇರವಾಗಿ ನಿಲ್ಲಿಸಿ, ಗಷ್ಟು ತಳಕ್ಕಿಳಿಯಲಿ. ಹಳೆಯ ಕಾರ್ಕ್ ಪುಡಿಯಾಗುವುದರಿಂದ ಅವಸರವಿಲ್ಲದೆ ಎಳೆಯಿರಿ. ಬಾಟಲಿಯ ಕುತ್ತಿಗೆಯ ಹಿಂದೆ ದೀಪವಿಟ್ಟು, ಒಂದೇ ಓಟದಲ್ಲಿ ನಿಧಾನವಾಗಿ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಗಷ್ಟಿನ ಎಳೆ ಕುತ್ತಿಗೆಗೆ ಬಂದ ಕ್ಷಣವೇ ನಿಲ್ಲಿಸಿ. ಹೀಗೆ ಬಗ್ಗಿಸುವುದು ಗಷ್ಟನ್ನು ಬೇರ್ಪಡಿಸಲು ಮಾತ್ರ, ಗಾಳಿ ತುಂಬಿಸಲು ಅಲ್ಲವೆಂಬುದನ್ನು ಮತ್ತೊಮ್ಮೆ ಹೇಳುತ್ತೇನೆ. ಬೇಕಾದ ಗಾಳಿ ಅಗಲವಾದ ಲೋಟದಲ್ಲಿಯೇ ಸಿಗುತ್ತದೆ.

ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಮಾತು ತಂಪಾದ ಯುರೋಪಿನ ಮನೆಗಳದು. ಬೇಸಿಗೆಯ ಬೆಂಗಳೂರಿನಲ್ಲಿ ಅದನ್ನು ಪಾಲಿಸಿದರೆ ಮದ್ಯಸಾರದ ಘಾಟು ಉಳಿದೆಲ್ಲ ಪರಿಮಳವನ್ನು ಮುಚ್ಚುತ್ತದೆ. 16ರಿಂದ 18 ಡಿಗ್ರಿ ಸಾಕು.

ಸಮಯ ಮೀರುತ್ತಿರುವುದರಿಂದ ಊಟದ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಅಲ್ಲಿಯವರು ಇದನ್ನು ಬರೋಲೊದಲ್ಲಿಯೇ ಬೇಯಿಸಿದ ದನದ ಮಾಂಸದೊಡನೆ, ಇಲ್ಲವೇ ಆಲ್ಬಾ ಪಟ್ಟಣದ ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆಯನ್ನು ಹೆರೆದು ಹಾಕಿದ ಸಣ್ಣ ಶಾವಿಗೆಯಂಥ ತಯಾರಿನ್‌ನೊಡನೆ ಸವಿಯುತ್ತಾರೆ. ಮೆಣಸಿನಕಾಯಿಯ ಖಾರ ಒಗರನ್ನು ಕೆರಳಿಸುತ್ತದೆ. ಆದುದರಿಂದ ನಮ್ಮ ಮಸಾಲೆಯ ಊಟಕ್ಕೆ ಮೊದಲೇ, ಹಳೆಯ ಗಟ್ಟಿ ಚೀಸಿನ ತುಂಡಿನೊಡನೆ ಕುಡಿಯುವುದು ಒಳ್ಳೆಯದು.