ಕಾಡು ಹೋದ ಮೇಲೂ ಉಳಿದ ಹಾಡು

ಕೇಳುಗರೇ, ನಮಸ್ಕಾರ.

ತೀ... ತ್ಯೂ... ತೀ... ಆಮೇಲೆ ತ್ರ್‌ರ್‌ರ್‌. ಎರಡು ಸೆಕೆಂಡಿನಲ್ಲಿ ಹಾಡು ಮುಗಿಯಿತು. ಚಿಲಿ ದೇಶದ ಜನರಿಗೆ ಇದು ಮಾತಿನ ಹಾಗೆ ಕೇಳಿಸುತ್ತದೆ. 'ನಮ್ಮ ಅಗುಸ್ತೀನ್ ಮಾಮನ್ನ ಕಂಡ್ರಾ?' ಎಂದು ಹಕ್ಕಿ ಕೇಳುತ್ತದಂತೆ.

ಅಲ್ಲಿ ಇದರ ಹೆಸರು ಚಿಂಕೋಲ್. ಅರ್ಜೆಂಟೀನಾದಲ್ಲಿ ಚಿಂಗೋಲೊ, ಬ್ರೆಜಿಲ್‌ನಲ್ಲಿ ಟಿಕೊ-ಟಿಕೊ. ಕೊಲಂಬಿಯಾದವರು ಕೊಪೆತೋನ್ ಅಂತಾರೆ, ಅಂದರೆ ಜುಟ್ಟಿನ ಹಕ್ಕಿ. ಗುಬ್ಬಚ್ಚಿಯಷ್ಟೇ ಗಾತ್ರ, ಇಪ್ಪತ್ತು ಗ್ರಾಂ ಚಿಲ್ಲರೆ ತೂಕ. ಬೂದು ತಲೆಯ ಮೇಲೆ ಕಪ್ಪು ಪಟ್ಟಿಗಳು, ಬಿಳಿ ಗಂಟಲು, ಕತ್ತಿನ ಹಿಂದೆ ಇಟ್ಟಿಗೆ ಬಣ್ಣದ ಕೊರಳಪಟ್ಟಿ. ಬೆಚ್ಚಿದಾಗ ಪುಟ್ಟ ಜುಟ್ಟು ನೆಟ್ಟಗೆ ನಿಲ್ಲುತ್ತದೆ. ಮರಿಗಳಿಗೆ ಆ ಕೊರಳಪಟ್ಟಿ ಇರುವುದಿಲ್ಲ. ಎದೆಯ ತುಂಬ ಗೀರುಗಳಿರುತ್ತವೆ.

ಮೆಕ್ಸಿಕೊದ ದಕ್ಷಿಣ ತುದಿಯಿಂದ ಹಿಡಿದು ದಕ್ಷಿಣ ಅಮೆರಿಕದ ಕಟ್ಟಕಡೆಯ ಟಿಯೆರ್ರಾ ಡೆಲ್ ಫ್ಯೂಗೊ ದ್ವೀಪಗಳವರೆಗೂ ಇದು ಸಿಗುತ್ತದೆ. ವಿಜ್ಞಾನದ ಹೆಸರು ಮಾತ್ರ ಜೊನೊಟ್ರಿಕಿಯ ಕೆಪೆನ್ಸಿಸ್, ಅಂದರೆ ಕೇಪ್‌ನದು! 1776ರಲ್ಲಿ ಹೆಸರಿಟ್ಟ ಜರ್ಮನ್ ವಿಜ್ಞಾನಿ ಮ್ಯುಲ್ಲರ್, ಹಕ್ಕಿ ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಿಂದ ಬಂದದ್ದು ಎಂದುಕೊಂಡಿದ್ದ. ಆಫ್ರಿಕಾದಲ್ಲಿ ಇದು ಇಲ್ಲವೇ ಇಲ್ಲ.

ಹುಲ್ಲಿನ ಬಟ್ಟಲಿನಂಥ ಗೂಡಿನಲ್ಲಿ ಎರಡು ಮೂರು ಮೊಟ್ಟೆ. ಹೊಳೆವ ಕಪ್ಪು ಮೈಯ ಕೌಬರ್ಡ್ ಎಂಬ ಹಕ್ಕಿ ಕದ್ದು ಬಂದು ತನ್ನ ಮೊಟ್ಟೆಯನ್ನೂ ಅದರಲ್ಲೇ ಇಟ್ಟು ಹೋಗುತ್ತದೆ. ತನಗಿಂತ ದೊಡ್ಡದಾಗಿ ಬೆಳೆದ ಆ ಮರಿಯ ಬಾಯಿಗೆ ಚಿಂಗೋಲೊ ಹುಳ ತುರುಕುವುದನ್ನು ನೋಡಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಆದರೆ ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದದ್ದು ಹಾಡಿನ ಕೊನೆಯ ಆ ತ್ರ್‌ರ್‌ರ್‌ ಬಗ್ಗೆ. ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದ ವಿಜ್ಞಾನಿ ಫರ್ನಾಂಡೊ ನೊಟ್ಟೆಬೊಮ್ ಅರ್ಜೆಂಟೀನಾದಲ್ಲಿ ಊರೂರು ಸುತ್ತಿ ಈ ಹಾಡುಗಳನ್ನು ಟೇಪಿನಲ್ಲಿ ಹಿಡಿದರು. 1969ರಲ್ಲಿ ಅದನ್ನೆಲ್ಲ ಬರೆದು ಪ್ರಕಟಿಸಿದರು. ಒಂದು ಕಡೆಯ ಹಕ್ಕಿಗಳೆಲ್ಲ ಒಂದೇ ವೇಗದಲ್ಲಿ ತ್ರ್‌ರ್‌ ಎನ್ನುತ್ತವೆ. ಜಾಗ ಬದಲಾದರೆ ವೇಗವೂ ಬೇರೆ. ಬಯಲು ಹುಲ್ಲುಗಾವಲಿನಲ್ಲಿ ಜಾಸ್ತಿ ವೇಗ. ಮರ ಒತ್ತಾಗಿರುವ ಕಡೆ ನಿಧಾನ, ಒಂದೊಂದು ಸ್ವರವೂ ಬಿಡಿಬಿಡಿ. ಯಾಕೆ? ಕಾಡಿನಲ್ಲಿ ದನಿ ಮರಗಳಿಗೆ ಬಡಿದು ಮರಳುತ್ತದೆ. ಗಡಿಬಿಡಿಯಲ್ಲಿ ಹಾಡಿದರೆ ಸ್ವರಗಳು ಒಂದರೊಳಗೊಂದು ಕಲೆಸಿಹೋಗುತ್ತವೆ, ಅಲ್ವಾ?

ಮರಿ ಈ ಹಾಡನ್ನು ಸುತ್ತಲಿನ ದೊಡ್ಡ ಹಕ್ಕಿಗಳಿಂದ ಕೇಳಿ ಕಲಿಯುತ್ತದೆ. ಪಾಲ್ ಹ್ಯಾಂಡ್‌ಫರ್ಡ್ ಎಂಬ ವಿಜ್ಞಾನಿ ವಾಯವ್ಯ ಅರ್ಜೆಂಟೀನಾದಲ್ಲಿ ಇದನ್ನು ಇನ್ನೂ ಹುಡುಕುತ್ತಾ ಹೋದರು. ಕಾಡು ಕಡಿದು ಎಷ್ಟೋ ವರ್ಷಗಳಾಗಿದ್ದ ಜಾಗಗಳು ಅಲ್ಲಿದ್ದವು. ಈಗ ಎಲ್ಲ ಹೊಲ. ಆ ಹೊಲಗಳಲ್ಲಿ ಹುಟ್ಟಿದ ಹಕ್ಕಿಗಳು ಕಾಡನ್ನೇ ಕಂಡಿರಲಿಲ್ಲ. ಆದರೂ ಬೇಲಿಯ ಮೇಲೆ ಕೂತು ಹಾಡುತ್ತಿದ್ದದ್ದು, ಅಲ್ಲಿ ಮೊದಲು ಇದ್ದ ಕಾಡಿಗೆ ಹೊಂದುವ ಆ ನಿಧಾನದ ತ್ರ್‌... ತ್ರ್‌... ತ್ರ್‌...

ನಮಸ್ಕಾರ.