ಸಂಜೆ ಐದೂವರೆವರೆಗೆ ಶಾಲೆ ಇಟ್ರೆ ಮಕ್ಕಳು ಜಾಸ್ತಿ ಕಲೀತಾರಾ?

[ದೃಶ್ಯ: ಜುಲೈ ತಿಂಗಳ ಭಾಗಮಂಡಲ. ಜಡಿಮಳೆ, ಬೀಗ ಹಾಕಿದ ಶಾಲೆ ಗೇಟು]

ನಮಸ್ಕಾರ. ಮಳೆಗಾಲದಲ್ಲಿ ಕೊಡಗಿನ ಮಕ್ಕಳು ಬೆಳಿಗ್ಗೆ ಎದ್ದ ಕೂಡ್ಲೇ ಕೇಳೋದು ಒಂದೇ: ಡಿಸಿ ರಜೆ ಕೊಟ್ರಾ? ಆ ರಜೆಗಳನ್ನ ಆಮೇಲೆ ಶನಿವಾರ ಮಧ್ಯಾಹ್ನ ಕ್ಲಾಸ್ ಇಟ್ಟು ಸರಿದೂಗಿಸ್ಬೇಕು. ಹಾಗಾಗಿ "ದಿನಾ ಒಂದು ಗಂಟೆ ಜಾಸ್ತಿ ಮಾಡಿಬಿಡಿ ಸಾರ್" ಅನ್ನೋ ಪೋಷಕರೂ ಇದ್ದಾರೆ.

ಕಾನೂನಿನ ಲೆಕ್ಕ ಬೇಗ ಹೇಳ್ಬಿಡ್ತೀನಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ. 6ರಿಂದ 8ಕ್ಕೆ 220 ದಿನ, 1000 ಗಂಟೆ.

[ದೃಶ್ಯ: ಚಿಲಿ ದೇಶದ ನಕ್ಷೆ]

ಗಂಟೆ ಹೆಚ್ಚಿಸಿ ನೋಡಿದ ದೇಶ ಚಿಲಿ. 1997ರಲ್ಲಿ ಪೂರ್ತಿ ದಿನದ ಶಾಲೆಗೆ ಕಾನೂನು ತಂದ್ರು, ಪಾಠದ ಅವಧಿ ಸುಮಾರು ಶೇ. 30ರಷ್ಟು ಏರಿತು. ಅಂಕ? ಏರಿತು, ಆದ್ರೆ ಸ್ವಲ್ಪವೇ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ: ಹದಿಹರೆಯದ ಹುಡುಗಿಯರು ಗರ್ಭಿಣಿಯಾಗೋದು, ಹುಡುಗರು ಅಪರಾಧಕ್ಕೆ ಇಳಿಯೋದು ಕಡಿಮೆಯಾಯ್ತು. ಮಕ್ಕಳು ಸುರಕ್ಷಿತ ಜಾಗದಲ್ಲಿ ಇದ್ರು, ಅಷ್ಟೇ. ತಾಯಿ ಕಾಫಿ ಕುಯ್ಲಿಗೆ ಹೋದಾಗ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಮಗು ಒಂದೇ ಇರುತ್ತಲ್ಲ, ಅಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಅಮೆರಿಕದ ಫ್ಲೋರಿಡಾ ಬೇರೆ ದಾರಿ ಹಿಡೀತು. ಓದಿನಲ್ಲಿ ತೀರಾ ಹಿಂದಿದ್ದ 100 ಪ್ರಾಥಮಿಕ ಶಾಲೆಗಳನ್ನ ಆರಿಸಿ, 2012ರಿಂದ ದಿನಕ್ಕೆ ಒಂದು ಗಂಟೆ ಹೆಚ್ಚುವರಿ ಪಾಠ, ಅದೂ ಓದು ಕಲಿಸೋದಕ್ಕೆ ಮಾತ್ರ. ಅಲ್ಲಿ ಮಕ್ಕಳ ಓದು ಸುಧಾರಿಸ್ತು.

[ದೃಶ್ಯ: ಶೀಟ್ ಮಾಡಿನ ತರಗತಿ, ಮಳೆ ಸದ್ದು. ಟೀಚರ್ ಬಾಯಿ ಆಡ್ತಿದೆ, ಮಾತು ಕೇಳ್ತಿಲ್ಲ]

ಈಗ ನಮ್ಮೂರಿಗೆ ಬನ್ನಿ. ಈ ಸದ್ದಿನಲ್ಲಿ ಇನ್ನೊಂದು ಗಂಟೆ ಕೂರಿಸಿದ್ರೆ ಯಾರಿಗೇನು ಕೇಳುತ್ತೆ? ತೋಟದ ಮಕ್ಕಳ ಮನೆಮಾತು ಯರವ, ತಮಿಳು, ಮಲಯಾಳ, ಈಗೀಗ ಅಸ್ಸಾಮಿ ಕೂಡ. ಎಷ್ಟೋ ಮಕ್ಕಳಿಗೆ ಕನ್ನಡ ಸಿಗೋದೇ ಶಾಲೆಯಲ್ಲಿ. ಎರಡನೇ ಕ್ಲಾಸಿನ ಪಾಠ ಓದೋಕೆ ತಡವರಿಸೋ ಮಗುವಿಗೆ ಐದನೇ ಕ್ಲಾಸಿನ ಪಾಠ ಇನ್ನೊಂದು ಗಂಟೆ ಮಾಡಿದ್ರೆ ಅದು ಸಮಯ ಕಳೆಯೋದಷ್ಟೇ. ಪ್ರಥಮ್ ಅನ್ನೋ ಸ್ವಯಂಸೇವಾ ಸಂಸ್ಥೆ ವರ್ಷಗಳಿಂದ ಮಾಡ್ತಿರೋದು ಇದಕ್ಕೇ ಮದ್ದು: ಯಾವ ತರಗತಿ ಅಂತ ನೋಡದೆ, ಮಗುವಿಗೆ ಎಷ್ಟು ಬರುತ್ತೋ ಆ ಮಟ್ಟಕ್ಕೆ ಗುಂಪು ಮಾಡಿ ದಿನಕ್ಕೆ ಸ್ವಲ್ಪ ಹೊತ್ತು ಕಲಿಸೋದು. ಇದನ್ನ ಈಗಿರೋ ಅವಧಿಯೊಳಗೇ ಮಾಡಬಹುದು.

ಇನ್ನು ಆನೆ. ನಗಬೇಡಿ! ಸಿದ್ದಾಪುರ, ತಿತಿಮತಿ ಕಡೆ ಸಂಜೆ ತೋಟದ ರಸ್ತೆಯಲ್ಲಿ ನಡೆದು ಹೋಗೋ ಮಕ್ಕಳಿದ್ದಾರೆ. ಐದೂವರೆಗೆ ಬಿಟ್ರೆ ಮನೆ ಮುಟ್ಟೋದು ಕತ್ತಲಲ್ಲೇ.

ಹಾಗಾಗಿ ನಿಮ್ಮ ಶಾಲೆಯಲ್ಲಿ ಅವಧಿ ಹೆಚ್ಚಿಸೋ ಮಾತು ಬಂದ್ರೆ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ, ಸಭೆಯಲ್ಲಿ ಇಷ್ಟು ಕೇಳಿ: ಆ ಗಂಟೆ ಯಾವ ಮಕ್ಕಳಿಗೆ, ಕಲಿಸೋರು ಯಾರು, ಆಮೇಲೆ ಮನೆಗೆ ಬಸ್ಸು ಯಾವುದು.