ನೀರು ಎರಡು ಅಡಿ ಏರಿತೋ, ಎರಡು ಅಡಿಗೆ ಏರಿತೋ

ಕೇಳುಗರೆಲ್ಲರಿಗೂ ನಮಸ್ಕಾರ. ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳ್ಳಿಗಳಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಕ್ಕಳನ್ನು ನೆನೆದು, ಇಂದು ಇಂಗ್ಲಿಷಿನ ಐದು ಪುಟ್ಟ ಪದಗಳ ಬಗ್ಗೆ ಮಾತನಾಡುತ್ತೇನೆ: ಇನ್, ಆನ್, ಆ್ಯಟ್, ಬೈ ಮತ್ತು ಟು. ದಯವಿಟ್ಟು ಪಟ್ಟಿಗಳನ್ನು ಬಾಯಿಪಾಠ ಮಾಡಬೇಡಿ. ವಸ್ತುವನ್ನು ಕಣ್ಣಮುಂದೆ ತಂದುಕೊಳ್ಳಿ.

ಜಲಾಶಯದಲ್ಲಿ ನೀರಿದೆ, ಮುಖಪುಟದಲ್ಲಿ ಚಿತ್ರವಿದೆ, ನಿಲ್ದಾಣದಲ್ಲಿ ಕಾಯುತ್ತೇನೆ. ಕನ್ನಡದ ‘ಅಲ್ಲಿ’ ಎಂಬ ಒಂದೇ ಪ್ರತ್ಯಯ ಈ ಮೂರನ್ನೂ ಹೊರುತ್ತದೆ. ಇಂಗ್ಲಿಷು ಮಾತ್ರ ಅದು ಒಡಲೋ, ಮೈಯೋ, ಬಿಂದುವೋ ಎಂದು ಕೇಳುತ್ತದೆ. ಸುತ್ತುವರಿದ ಒಡಲಾದರೆ ಇನ್, ತಾಗಿಕೊಂಡ ಮೈಯಾದರೆ ಆನ್, ಗುರುತಿಟ್ಟ ಬಿಂದುವಾದರೆ ಆ್ಯಟ್.

ಇನ್ನು ಅಳತೆ. ಮುನಿರಾಬಾದಿನ ಕಡೆಯ ಒಬ್ಬ ವಿದ್ಯಾರ್ಥಿನಿ ನನ್ನ ತರಗತಿಯಲ್ಲಿದ್ದಳು. ಅವಳ ತಂದೆ ತುಂಗಭದ್ರಾ ಎಡದಂಡೆ ನಾಲೆಯ ಗೇಜ್, ಅಂದರೆ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ, ನೋಡಿ ಬರೆದುಕೊಳ್ಳುವ ಕೆಲಸದಲ್ಲಿದ್ದರು. ‘ನಾಲೆಯ ಗೇಜ್ ಎರಡು ಅಡಿ ಏರಿದೆ’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರಲು ಹೇಳಿದಾಗ ಅವಳು ‘ರೋಸ್ ಟು ಟೂ ಫೀಟ್’ ಎಂದು ಬರೆದಳು. ನಾನು ನಿಯಮವನ್ನು ಹೇಳಲಿಲ್ಲ. ನಿನ್ನೆ ನಾಲ್ಕು ಅಡಿ ಇದ್ದ ನೀರು ಇಂದು ಎಲ್ಲಿರಬೇಕು ಎಂದಷ್ಟೇ ಕೇಳಿದೆ. ಅವಳು ಕ್ಷಣಕಾಲ ಯೋಚಿಸಿ, “ಸರ್, ಆರರಾಗ ಇರಬೇಕು. ನಾ ಬರದಂಗ ಎರಡೇ ಅಡಿ ಆದ್ರ ನಾಲೆಯ ಕೊನೀ ಭಾಗದ ಮಾನವಿ ಕಡೆ ನೀರೇ ಹತ್ತಂಗಿಲ್ಲ” ಎಂದಳು. ಬಳಿಕ ತಾನೇ ಎದ್ದು ಬಂದು ಕಪ್ಪುಹಲಗೆಯಲ್ಲಿ ಗೇಜಿನ ಪಟ್ಟಿಯನ್ನು ಬರೆದು, ನಾಲ್ಕರ ಗೆರೆಯಲ್ಲಿ ಬೆರಳಿಟ್ಟು ಆ್ಯಟ್ ಎಂದಳು, ಎರಡು ಗೆರೆ ಮೇಲಕ್ಕೆ ಸರಿಸಿ ಬೈ ಎಂದಳು, ಆರಕ್ಕೆ ಮುಟ್ಟಿಸಿ ಟು ಎಂದಳು. ಮೂವತ್ತು ಮಕ್ಕಳಿಗೆ ವರ್ಷವಿಡೀ ಹೇಳಿಯೂ ತಿಳಿಸಲಾಗದಿದ್ದುದನ್ನು ಆ ಬೆರಳು ಒಂದು ನಿಮಿಷದಲ್ಲಿ ತಿಳಿಸಿತು. ಅಂದಿನಿಂದ ನಾನು ಆ ಪಟ್ಟಿಯನ್ನು ಬರೆಯದೆ ಈ ಪಾಠವನ್ನು ಆರಂಭಿಸಿದ್ದೇ ಇಲ್ಲ.

ಗಮನಿಸಿ, ಇಲ್ಲಿ ಕನ್ನಡವೇ ನಿಮಗೆ ದಾರಿ ತೋರಿಸುತ್ತದೆ. ‘ಎರಡು ಅಡಿ ಏರಿದೆ’ ಎಂಬಲ್ಲಿ ಪ್ರತ್ಯಯವಿಲ್ಲ, ಅದು ಬೈ. ‘ಆರು ಅಡಿಗೆ ಏರಿದೆ’ ಎಂಬಲ್ಲಿ ‘ಗೆ’ ಇದೆ, ಅದು ಟು. ರಾಯಚೂರಿನ ಬಿಸಿಲು ಎರಡು ಡಿಗ್ರಿ ಹೆಚ್ಚಿತು ಎಂದರೂ, 42 ಡಿಗ್ರಿಗೆ ಏರಿತು ಎಂದರೂ ಇದೇ ಲೆಕ್ಕ. ಗೆರೆಯನ್ನು ಕಣ್ಣಮುಂದೆ ತಂದುಕೊಳ್ಳಿ, ಬೆರಳನ್ನು ಸರಿಸಿ ನೋಡಿ.

ಸಮಯ ಸಮೀಪಿಸಿದೆ, ಆದ್ದರಿಂದ ಕನ್ನಡ ದಾರಿ ತಪ್ಪಿಸುವ ಒಂದು ಕಡೆಯನ್ನು ಮಾತ್ರ ಹೇಳುತ್ತೇನೆ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಈ ‘ಇಂದ’ವನ್ನು ಕಂಡು ‘ಫ್ರಮ್ ಸೀ ಲೆವೆಲ್’ ಎಂದು ಬರೆಯಬೇಡಿ. ಕೊಪ್ಪಳದಿಂದ ಗಂಗಾವತಿಗಿರುವ ದೂರಕ್ಕೆ ಫ್ರಮ್ ಸರಿ. ಸಮುದ್ರಮಟ್ಟಕ್ಕಿಂತ ಮೇಲಿನ ಎತ್ತರಕ್ಕೆ ‘ಅಬವ್ ಸೀ ಲೆವೆಲ್’ ಎಂದೇ ಬರೆಯಿರಿ. ನಮಸ್ಕಾರ.